ಲಗಮಪ್ಪನ ಹಾಜರಿ

ಚಚಡಿ
೧೭ ಜನವರಿ ೨೦೨೫, ಶುಕ್ರವಾರ

ಪ್ರೀತಿಯ ಸಂಗೂ,

ಈ ಕೈಚೀಲದ ಸಭಾಂಗಣದಲ್ಲಿ ಒತ್ತೊತ್ತಾಗಿ ಆಸೀನರಾಗಿರುವ ಮಾನ್ಯ ಸಜ್ಜಿ ರೊಟ್ಟಿಗಳೇ, ಅಧ್ಯಕ್ಷ ಪೀಠದಲ್ಲಿರುವ ಶೇಂಗಾ ಚಟ್ನಿಯವರೇ, ವಂದನಾರ್ಪಣೆಗೆ ಕಾದಿರುವ ಎಣ್ಣೆಗಾಯಿ ಬದನೆಕಾಯಿಯವರೇ, ಮೂಲೆಯಲ್ಲಿ ಪೊಟ್ಟಣ ಕಟ್ಟಿಸಿಕೊಂಡು ಕೂತಿರುವ ಕುಸುರೆಳ್ಳಿನ ಬಾಲಬಳಗವೇ! ನಾನು ಹೆಚ್ಚು ಹೊತ್ತು ಮಾತಾಡುವುದಿಲ್ಲ. ಹಾಗೆಂದು ಶುರು ಮಾಡಿದವರು ಯಾರೂ ಲಗೂನೆ ಮುಗಿಸಿದ್ದಿಲ್ಲ ಎಂಬುದೂ ನಿಮಗೆ ಗೊತ್ತು. ನಾಳೆ ಮುಂಜಾನೆ ತಾವೆಲ್ಲರೂ ಮಡಿವಾಳೆಪ್ಪ ಕಂಡಕ್ಟರನ ಸೀಟಿನ ಕೆಳಗೆ ಕೂತು ರಾಮದುರ್ಗಕ್ಕೆ ದಯಮಾಡಿಸುವಿರಿ. ತಮ್ಮ ನಡುವೆ ಈ ಕಾಗದವೂ ಕೂತಿರುತ್ತದೆ. ಇದಕ್ಕೆ ಎಣ್ಣೆ ತಾಗದಂತೆ ನೋಡಿಕೊಳ್ಳುವುದು ಸಭಿಕರ ಹೊಣೆ. ಯಾಕೆಂದರೆ ಇದರೊಳಗೆ ಒಬ್ಬಾಕೆಯ ನೌಕರಿ ಐತಿ, ಒಬ್ಬಾತನ ಮಾನ ಐತಿ, ಇನ್ನೊಬ್ಬಾಕೆಗೆ ಬುಧವಾರದಿಂದ ಹಿಡಿದ ಒಂದೇ ಧ್ಯಾನ ಐತಿ.

ಸಂಗೂ, ಹೆಂಗಿದ್ದೀ? ಗಂಟಲು ಹೆಂಗೈತಿ? ಸೋಮವಾರ ಪಾಠ ಹೇಳುವಾಗ ನಡುನಡುವೆ ಕೆಮ್ಮುತ್ತಿದ್ದಿ ಅಂತ ಲಗಮಪ್ಪ ಹೇಳಿದ. ಚೀಲದಲ್ಲಿ ಜ್ಯೇಷ್ಠಮಧು ಹಾಕಿದ್ದೇನೆ, ದವಡೆಗೆ ಇಟ್ಟುಕೋ. ನಾವೆಲ್ಲ ಆರಾಮ. ನಿಮ್ಮಪ್ಪನ ಮೊಣಕಾಲು ಚಳಿಗೆ ಗೊಣಗತೈತಿ, ಅದಕ್ಕಿಂತ ಹೆಚ್ಚು ಅವರು ಗೊಣಗತಾರ. ನಿಮ್ಮ ಆಯಿ ರಾಚವ್ವನವರಿಗೆ ಕಣ್ಣು ಮಂಜಾದರೂ ಹಸಿವೆ ಚುರುಕು. ಆದರೆ ಈಚೀಚೆಗೆ ಸಂಜೆ ಆತಂದರೆ ಪಡಸಾಲೆಯಲ್ಲಿ ಕೂತವರು ಒಮ್ಮೆಲೆ, "ಗಂಗಾ, ಸಂಗವ್ವ ಬಂದಾಳ ನೋಡ, ಕಾಲಿಗೆ ನೀರ ಕೊಡ" ಅಂತಾರ. ನಾನು ಒಳಗಿನಿಂದ "ಇಲ್ಲರೀ ಅತ್ಯಾರ, ರೇಡಿಯೋ" ಅಂತೇನಿ. ವಯಸ್ಸಾತು ಪಾಪ, ಇಲ್ಲದ ಧ್ವನಿ ಕೇಳಸತಾವ. ಸಂಕ್ರಮಣಕ್ಕೆ ನೀನು ಬರಲಿಲ್ಲ ಅಂತ ಭೋಗಿ ದಿನ ಎಳ್ಳು ಹಚ್ಚಿದ ರೊಟ್ಟಿಗಳಲ್ಲಿ ನಿನ್ನ ಪಾಲು ತೆಗೆದಿಟ್ಟಿದ್ದೆ. ಅವೇ ಈಗ ಸಭಿಕರಾಗಿ ಬರಾಕತ್ತಾವ.

ಪತ್ರ ಅಂದ ಮೇಲೆ ಗ್ರಾಂಥಿಕವಾಗಿ ಬರೆಯಬೇಕು ಅಂತ ಕೂತೆ. ಬೈಲಹೊಂಗಲದಾಗ ಬಿ.ಎ. ಮುಗಿಸಿದಾಕಿ, ಚರ್ಚಾಸ್ಪರ್ಧೆಯೊಳಗ ಢಾಲು ಗೆದ್ದಾಕಿ. ಆದರೆ ನನ್ನ ಗ್ರಾಂಥಿಕ ಕನ್ನಡ ಹೊಸ ಚಪ್ಪಲಿ ಇದ್ದಂಗ, ಸಂಗೂ. ಹೊಸ್ತಿಲು ದಾಟೂತನಕ ಹಾಕ್ಕೊಳ್ಳೂದು, ಆಮ್ಯಾಲೆ ಕೈಯಾಗ ಹಿಡಕೊಂಡು ನಡಿಯೂದು. ಫೋನಿನಲ್ಲಿ ಹೇಳಬಹುದಿತ್ತಲ್ಲ ಅಂತೀ. ಫೋನಿನಲ್ಲಿ ನಿನ್ನ ಮುಖ ಕಂಡರೆ ನನ್ನ ಮಾತು ಹೊರಳಿ ಒಳಗ ಹೋಗತೈತಿ. ಅದಕ್ಕ ಕಾಗದ.

ಬುಧವಾರ ನೀನು ಫೋನಿನಲ್ಲಿ ಅಂದ ಮಾತು ನನ್ನ ತಲೆಯಲ್ಲಿ ಗಿರಣಿ ಕಲ್ಲಿನಂತೆ ತಿರುಗುತ್ತಿದೆ. "ಅವ್ವಾ, ಐತವಾರ ಸಂಸ್ಥೆ ಅಧ್ಯಕ್ಷರು ಬಂದು ಹಿಂದಿನ ಬೆಂಚಿನ ಮ್ಯಾಲೆ ಕುಂದ್ರತಾರಂತ. ಒಬ್ಬರೂ ಬಾಯಿ ಬಿಡಲಿಲ್ಲಂದ್ರ ಈ ಕ್ಲಾಸ್ ಬಂದ್. ಬಂದ್ ಆದ್ರ ನಾ ಅರಬಿ ಗಂಟು ಕಟ್ಟಿಕೊಂಡು ಊರಿಗೆ ಬರತೇನಿ, ಮತ್ತ ಚಾಕ್ ಮುಟ್ಟಂಗಿಲ್ಲ. ಲಗಮಪ್ಪ ಕಾಕಾ ಒಬ್ಬಾವ ಎದ್ದು ನಿಂತು ಮಾತಾಡಿದ್ರ ಸಾಕು ನೋಡು, ಉಳದವರಿಗೆ ಧೈರ್ಯ ಬರತೈತಿ." ನಾನು "ಮಾತಾಡತಾನ ಬಿಡ" ಅಂದೆ. ಅಂದು ಫೋನ್ ಇಟ್ಟೆ. ನಿನ್ನೆ ಸಾರಿಗೆ ಎರಡು ಸಲ ಉಪ್ಪು ಬಿತ್ತು, ಚಹಾಕ್ಕ ಒಮ್ಮೆಯೂ ಸಕ್ಕರೆ ಬೀಳಲಿಲ್ಲ. ನಿಮ್ಮಪ್ಪ ಎರಡನ್ನೂ ಕುಡಿದು, "ಗಂಗಾ, ಅದಲು ಬದಲು ಆಗೇತೇನ?" ಅಂದರು. ಅವರ ಮಾತು ಒಮ್ಮೊಮ್ಮೆ ಎಷ್ಟು ನೆಟ್ಟಗ ನಾಟತೈತಿ ಅನ್ನೂದು ಅವರಿಗೇ ತಿಳಿಯಂಗಿಲ್ಲ.

ನಿನಗೆ ಗೊತ್ತಿದ್ದದ್ದನ್ನೇ ನಿನಗೆ ಹೇಳತೇನಿ, ತಾಯಂದಿರ ಪತ್ರ ಅಂದರೆ ಅರ್ಧ ಅದೇ. ದಸರೆ ಆದ ಮೇಲೆ ನೀನು ರಾಮದುರ್ಗಕ್ಕೆ ಹೋದಿ. ಸಾಲಿ ಬಿಟ್ಟು ಎಷ್ಟೋ ವರ್ಷ ಆದವರಿಗೆ ಹೊರಗಿನಿಂದ ಪಿಯುಸಿ ಪರೀಕ್ಷೆ ಕಟ್ಟಿಸೋ ಕ್ಲಾಸು, ನೀನು ಅರ್ಥಶಾಸ್ತ್ರದ ಮಿಸ್. ದಿನಾ ಸಂಜೆ ಏಳಕ್ಕೆ ಮೊಬೈಲಿನೊಳಗೆ ಪಾಠ, ತಿಂಗಳಿಗೊಂದು ಐತವಾರ ಎದುರಾಎದುರು ಪಾಠ. ನಮ್ಮ ಟ್ರ್ಯಾಕ್ಟರ್ ಹೊಡೆಯೋ ಲಗಮಪ್ಪಗೆ ನಾನೇ ಹೆಸರು ಹಚ್ಚಸು ಅಂದೆ. ಹತ್ತನೇತ್ತೆ ಪಾಸಾಗಿ ಸ್ಟೇರಿಂಗ್ ಹಿಡಿದವ. "ಪಿಯುಸಿ ಆದರ ಫ್ಯಾಕ್ಟರಿ ತೂಕದ ಮನಿಯೊಳಗ ಕುರ್ಚಿ ಮ್ಯಾಲೆ ಕುಂದ್ರೂ ಕೆಲಸ ಕೇಳಬಹುದ್ರಿ ವೈನಿ, ಎಷ್ಟ ದಿನ ಅಂತ ಹೊರಗ ಗಾಡಿ ಪಾಳಿ ಹಚ್ಚೂದು" ಅಂದು ಹೆಸರು ಹಚ್ಚಿಸಿದ. ಅಷ್ಟರೊಳಗೆ ಕಬ್ಬಿನ ಸುಗ್ಗಿ ಶುರು ಆತು. ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಫ್ಯಾಕ್ಟರಿಗೆ ಟ್ರಿಪ್ ಹೊಡೆಯೋವನಿಗೆ ಏಳು ಗಂಟೆ ಅಂದರೆ ಊರು ಬಿಡೋ ಹೊತ್ತು. ಆದರೂ ಒಂದು ದಿನ ಹಾಜರಿ ತಪ್ಪಲಿಲ್ಲ ಅಂತ ನೀನೇ ಹೊಗಳಿದಿ. ಎದುರಾಎದುರಿನ ಎರಡು ಐತವಾರ ಮಾತ್ರ ಟ್ರಿಪ್ ಐತಿ ಅಂತ ತಪ್ಪಿಸಿಕೊಂಡ.

ಮೊದಮೊದಲು ಅವನೂ ಉಳಿದವರಂತೆ ಒಂದು ಕರೀ ಚೌಕ ಆಗಿದ್ದ. ಕ್ಯಾಮೆರಾ ಬಂದ್, ಮೈಕ್ ಬಂದ್, ಬಾಯಿಗೆ ಬೀಗ, ಎಲ್ಲಾ ಚೊಕ್ಕ ಬಂದೋಬಸ್ತ್. ಅವ್ವಾ, ನಾ ಸಾಬೂನಿನ ಡಬ್ಬಿಗಳಿಗೆ ಪಾಠ ಮಾಡಾಕತ್ತೇನೇನು ಅಂತ ನೀನು ಬ್ಯಾಸರ ಮಾಡಿಕೊಂಡಿದ್ದಿ. ಆವತ್ತೊಂದು ಸಂಜೆ ನೀನು ಪಾಠದ ನಡುವೆ ನಿಂತು, "ನನ್ನ ಧ್ವನಿ ಕೇಳಸಾಕತ್ತೈತೇನ್ರಿ?" ಅಂತ ಕೇಳಿದಿಯಂತ. ಯಾರೂ ಉಸಿರು ಬಿಡಲಿಲ್ಲ. ಮತ್ತೊಮ್ಮೆ ಕೇಳಿದಿ. ಮೂರನೇ ಸಲ ಕೇಳುವಾಗ ಧ್ವನಿ ಸಣ್ಣಗಾತು, ಮೂಗು ಒರೆಸಿಕೊಳ್ಳಾಕ ಮುಖ ಆಚೆ ತಿರುಗಿಸಿದಿ. ನೀನು ಸಣ್ಣಾಕಿದ್ದಾಗ ಸಿಟ್ಟು ಬಂದರೆ ಹಿಂಗೇ ಗ್ವಾಡಿ ಕಡೆ ತಿರುಗತಿದ್ದಿ. ಆವಾಗ ಲಗಮಪ್ಪ ಒಂದೊಂದೇ ಅಕ್ಷರ ಹುಡುಕಿ ಹುಡುಕಿ ಒತ್ತಿ, "ಕೇಳಸಾಕತ್ತೈತ್ರಿ ಮಿಸ್" ಅಂತ ಬರೆದ. ಬರೆದು ಬೆವತನಂತ. ಇದನ್ನೆಲ್ಲ ಲಗಮಪ್ಪ ಹೇಳಿದ್ದು.

ಅಲ್ಲಿಂದ ಅವನ ಬಾಯಿ, ಅಂದರೆ ಬೆರಳು, ಬಿಚ್ಚಿತು. ಕೈ ಎತ್ತೋ ಗುಂಡಿ ಯಾವುದು, ಮೈಕಿನದು ಯಾವುದು ಅಂತ ಕಲಿತ. ಹೊರಗೆ ಕಾಯೋದನ್ನೂ ಕಲಿತ. ನೀನು ಒಳಗೆ ತಗೊಳ್ಳೂತನಕ ಪರದೆ ಮೇಲೆ "ಕಾಯಿರಿ" ಅಂತ ಬರತೈತಲ್ಲ, ಆ ಹೊತ್ತಿನಾಗ ಎದೆ ಡವಡವ ಅಂತೈತಂತ, ಹೆಣ್ಣು ನೋಡಾಕ ಬಂದವರ ಮುಂದೆ ಕುಂತಂಗ. ಅದು ಲಗಮಪ್ಪಗೆ ಹೆಂಗ ಗೊತ್ತು ಅಂತ ಕೇಳಬ್ಯಾಡ. ಆಮ್ಯಾಲೆ ನೀನು ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮ ಹೇಳಿದಿ. ಹೆಸರು ಕೇಳಿದರೆ ಜ್ವರ ಬರಬೇಕು. ಒಂದೇ ವಸ್ತುವನ್ನು ಮ್ಯಾಲಿಂದ ಮ್ಯಾಲೆ ತಗೊಂಡರೆ ಸುಖ ಇಳಕೋತ ಹೋಗತೈತಿ ಅನ್ನೂದಕ್ಕ ಅಷ್ಟುದ್ದ ಹೆಸರು! ಉದಾಹರಣೆ ಕೊಡ್ರಿ ಅಂದಿ, ಲಗಮಪ್ಪ ಬರೆದ:

ಮೊದಲ ರೊಟ್ಟಿ ಅಮೃತ, ಎರಡನೇದು ಹಿತ,
ಮೂರನೇದು ಮಿತ, ನಾಕನೇದು ಬಲವಂತ,
ಐದನೇದು ಬೀಗರ ಮನಿಯಾಗಿನ ಪಂಥ.

ನೀನು ನಕ್ಕಿ. ಕ್ಲಾಸು ಶುರುವಾದ ಮೇಲೆ ಮೊದಲನೇ ಸಲ ನಕ್ಕಿ. ಆಮ್ಯಾಲೆ ನನಗೆ ಫೋನ್ ಮಾಡಿ, "ಅವ್ವಾ, ಲಗಮಪ್ಪ ಕಾಕಾ ನಿನ್ನ ಕೈ ರೊಟ್ಟಿ ತಿಂದು ತಿಂದು ನಿನ್ನಂಗ ಪ್ರಾಸ ಕಟ್ಟಾಕತ್ತಾನ" ಅಂದಿ. ನಾನು "ಹೌದವ್ವಾ, ಅನ್ನದ ಗುಣ" ಅಂದೆ. ಹೇಳಬೇಕಂದರೆ ಸ್ವಲ್ಪ ಹೊಟ್ಟೆಕಿಚ್ಚಾತು. ಜೀವಮಾನ ಪೂರ್ತಿ ನಾನು ಪ್ರಾಸ ಕಟ್ಟಿದರೆ ನಿಮ್ಮಪ್ಪ "ಸಾಕ ಮಾಡ" ಅಂದರು, ನೀನು "ಅವ್ವಾ, ಗೆಳತ್ಯಾರ ಮುಂದ ಬ್ಯಾಡ" ಅಂದಿ. ಲಗಮಪ್ಪ ಒಮ್ಮೆ ಕಟ್ಟಿದ, ಇಡೀ ಕ್ಲಾಸಿಗೆ ಓದಿ ತೋರಿಸಿದಿ.

ಇನ್ನೊಂದು ಸಂಜೆ ಅವನ ಮೈಕ್ ತೆರೆದೇ ಉಳಿದು, ಧಪ್ ಧಪ್ ಧಪ್ ಅಂತ ಸಪ್ಪಳ ಬಂತಂತ. "ಲಗಮಪ್ಪ ಅವರೇ, ಏನ್ರೀ ಅದು?" ಅಂತ ಕೇಳಿದಿ. "ಟ್ರ್ಯಾಕ್ಟರ್ ಇಂಜಿನ್ರಿ ಮಿಸ್, ಹಳೇದೈತಿ" ಅಂತ ಬರೆದ. ಆಮ್ಯಾಲೆ ಫೋನಿನಲ್ಲಿ ನೀನು, "ಅಪ್ಪಗ ಹೇಳು ಇಂಜಿನ್ ತೋರಸಾಕ, ರೊಟ್ಟಿ ಬಡದಂಗ ಸಪ್ಪಳ ಮಾಡಾಕತ್ತೈತಿ" ಅಂದಿ. ನಿಮ್ಮಪ್ಪ ಖರೆನ ಮರುದಿನ ಬೈಲಹೊಂಗಲಕ್ಕೆ ಒಯ್ದು ಮೆಕ್ಯಾನಿಕ್‌ಗೆ ತೋರಿಸಿದರು. ಅವ, "ಸಾವಕಾರ, ಇಂಜಿನ್ ಕುದರಿ ಇದ್ದಂಗೈತಿ, ನಿಮಗ ಏನಾಗೇತಿ?" ಅಂದನಂತ. ಎರಡು ದಿನ ನನ್ನ ಕೂಡ ಮಾತು ಬಿಟ್ಟಿದ್ದರು.

ಒಂದೇ ಒಂದು ದಿನ ಲಗಮಪ್ಪ ನಿನ್ನ ಕ್ಲಾಸಿನಲ್ಲಿ ಲಗಮಪ್ಪನಂತೆ ಇರಲಿಲ್ಲ, ನೆನಪೈತಿ? ಆವತ್ತು ಅವನು ಫ್ಯಾಕ್ಟರಿ ಮುಂದಿನ ಪಾಳಿಯಲ್ಲಿ ನಿಂತೇ ಕ್ಲಾಸಿಗೆ ಬಂದಿದ್ದ. ಕಬ್ಬಿನ ಗಾಡಿಯವರಿಗೆ ಪಾಳಿಯೊಳಗ ನಿಂತಾಗ ಹಾಡು ಬೇಕು, ಹಾಡು ಅಂದರೆ ಎದೆ ನಡುಗಿಸೋ ಡಬ್ಬಿ ಬೇಕು. ಮೈಕ್ ತೆರೆದಿತ್ತು. ನಿನ್ನ ಪೂರೈಕೆ ರೇಖೆ ಮೇಲೇರುವ ಹೊತ್ತಿಗೆ ಡಾಲ್ಬಿ ಹಾಡು ಇಡೀ ಕ್ಲಾಸಿನ ಮೇಲೇರಿತು. ನೀನು ಪ್ರಶ್ನೆ ಕೇಳಿದರೆ ಹೆಬ್ಬೆರಳಿನ ಚಿತ್ರ ಒತ್ತಿದ. ಇನ್ನೊಂದು ಕೇಳಿದಿ, ಇನ್ನೊಂದು ಹೆಬ್ಬೆರಳು. "ಅವ್ವಾ, ಕಾಕಾ ಯಾಕೋ ಮಂಕಾಗ್ಯಾನ, ಆರಾಮ ಇಲ್ಲೇನು ಕೇಳು" ಅಂದಿ. ಕೇಳಿದೆ. "ಆರಾಮ ಅದೇನ್ರಿ ವೈನಿ, ಮಿಸ್ ಹೇಳಿದ್ದು ನೆತ್ತಿ ಮ್ಯಾಲಿಂದ ಹಾದ ಹೋತು" ಅಂದ. ಅಂದಿನಿಂದ ಮುಂಜಾನೆ ಚಹಾ ಕುಡಿಯೋ ಹೊತ್ತಿಗೆ ಕಟ್ಟಿ ಮ್ಯಾಲೆ ಕುಂತು ನಾವಿಬ್ಬರೂ ನಿನ್ನ ಪಾಠ ತಿರುವಿ ಹಾಕತೇವಿ. ಅವ ನನಗೆ ಒಪ್ಪಿಸತಾನ ಅಂತ ಇಟ್ಟುಕೋ.

ಈಗ ಸಾಬೂನಿನ ಡಬ್ಬಿಗಳ ವಿಷಯ. ಇದನ್ನು ಗಮನ ಇಟ್ಟು ಓದು, ಯಾಕಂದರೆ ಮಿಸ್‌ನ ಕುರ್ಚಿಯಿಂದ ಇದು ಕಾಣಂಗಿಲ್ಲ. ನಿನ್ನ ಕ್ಲಾಸಿನಲ್ಲಿ ಸಿರಸಂಗಿಯ ಸಾವಿತ್ರೆವ್ವ ಅಂತ ಒಬ್ಬಾಕಿ ಇದ್ದಾಳಲ್ಲ, ಒಂದು ದಿನವೂ ಕ್ಯಾಮೆರಾ ಹಾಕದಾಕಿ, ನೀನು ಎರಡು ಸಲ ಹೆಸರು ಹಿಡಿದು ಕರೆದರೂ ಓ ಅನ್ನದಾಕಿ. ಆಕಿ ಲಗಮಪ್ಪಗೆ ಒಬ್ಬನಿಗೇ ಕಾಣುವಂತೆ ಬರೆದಾಳ: "ಅಣ್ಣಾರ, ನೀವು ಬರದ ರೊಟ್ಟಿ ಪದ್ಯ ಮಸ್ತ್ ಇತ್ತು. ನಾನೂ ಬರೀಬೇಕಂತೇನ್ರಿ, ಕೈ ಸಗಣಿ ಆಗಿರತೈತಿ." ಆಕಿ ಸಂಜೆ ಏಳಕ್ಕೆ ದನದ ಕೊಟ್ಟಿಗೆಯಲ್ಲಿರತಾಳ. ಆಕಿ ಓದಾಕತ್ತಿದ್ದು ಮಾವಗೆ ಗೊತ್ತಿಲ್ಲ. ಫೋನನ್ನು ಗೋದಲಿಯ ಮೂಲೆಯಲ್ಲಿ ಹುಲ್ಲಿನೊಳಗೆ ಇಟ್ಟು, ಒಂದು ಕಿವಿಗೆ ಸಣ್ಣ ಯಂತ್ರ ಸಿಗಿಸಿ, ಮ್ಯಾಲೆ ಸೆರಗು ಹೊತ್ತು, ಹಾಲು ಹಿಂಡುತ್ತ ನಿನ್ನ ಪಾಠ ಕೇಳತಾಳ. ಕ್ಯಾಮೆರಾ ಹಾಕಿದರೆ ನಿನಗೆ ಎಮ್ಮೆಯ ಮುಖ ಕಾಣತೈತಿ. ಕರೆದಾಗ ಓ ಅಂದರೆ ಮಾವ ಬಂದು ಯಾರನ್ನ ಕರದಿ ಅಂತಾನ. ಐತವಾರ ಕಣ್ಣು ತೋರಿಸಿಕೊಂಡು ಬರತೇನಿ ಅಂತ ಹೇಳಿ ರಾಮದುರ್ಗಕ್ಕೆ ಬರಾಕತ್ತಾಳಂತ. "ಅಣ್ಣಾರ, ನೀವು ಮೊದಲ ಮಾತಾಡ್ರಿ, ನಿಮ್ಮ ಹಿಂದ ನಾ ಮಾತಾಡತೇನಿ" ಅಂತ ಬರೆದಾಳ. ಕರೀ ಚೌಕದ ಹಿಂದೆ ಖಾಲಿ ಇಲ್ಲ, ಸಂಗೂ. ಒಬ್ಬಾಕಿಯ ಹಿಂದೆ ಎಮ್ಮಿ ಐತಿ, ಇನ್ನೊಬ್ಬರ ಹಿಂದೆ ಕೂಸು ಇದ್ದೀತು, ಮತ್ತೊಬ್ಬರ ಹಿಂದೆ ಬರೀ ನಾಚಿಕಿ ಇದ್ದೀತು. ಕಿವಿ ಮಾತ್ರ ಅದಾವ. ನಮ್ಮ ಕಾಲದಲ್ಲಿ ಸರ್ ನಮ್ಮ ಮುಖ ನೋಡಿ ತಿಳಿದಿಲ್ಲ ಅಂತ ತಿಳ್ಕೊತಿದ್ದರು. ನೀನು ಮುಖ ಇಲ್ಲದ ಕಿವಿಗಳನ್ನ ನಂಬಬೇಕಾಗೇತಿ. ನಿನ್ನ ಕೆಲಸ ಅವರದಕ್ಕಿಂತ ಕಠಿಣ.

ಆದ್ದರಿಂದ, ಸಭಿಕರೇ, ಮುಖ್ಯ ವಿಷಯಕ್ಕೆ ಬರತೇನಿ. ಐತವಾರ ಲಗಮಪ್ಪನನ್ನು ಮೊದಲು ಎಬ್ಬಿಸಬ್ಯಾಡ. ಅವನ ಗಂಟಲು ಕಟ್ಟೈತಿ. ಹಂಗ ಬರೆದು ನೋಡಿದೆ, ಎರಡು ದಿನ ಮೊದಲೇ ಯಾವ ಗಂಟಲು ಐತವಾರಕ್ಕಂತ ಕಟ್ಟತೈತಿ? ಪಾಳಿ ನಂಬರ್ ಬರತೈತಿ ಅಂತ ಬರೀಬಹುದು, ಆದರೆ ಈ ಸಲ ನಿಮ್ಮಪ್ಪನೇ "ಐತವಾರ ಟ್ರಿಪ್ ಬ್ಯಾಡ, ಕ್ಲಾಸಿಗೆ ಹೋಗು" ಅಂತ ಅವನಿಗೆ ಹೊಸ ಅಂಗಿ ಕೊಡಿಸ್ಯಾರ. ಅಂಗಿ ಹಾಕ್ಕೊಂಡು ನಿನ್ನೆ ಬಂದು ಅಂಗಳದಾಗ ನಿಂತ. ಮುಖ ಮಾತ್ರ ಕಟಕರ ಅಂಗಡಿ ಮುಂದಿನ ಹೋತಿನ ಮರಿ ಕಂಡಂಗಿತ್ತು. "ವೈನಿ, ಸಂಗವ್ವ ನನ್ನ ರೊಟ್ಟಿ ಪದ್ಯ ಹೇಳಸಿದ್ರ ನಾ ಏನ್ ಮಾಡ್ಲಿ?" ಅಂದ. ನಾನು ಒಳಗ ಹೋಗಿ ಒಲಿ ಹಚ್ಚಿದೆ. ಒಲಿ ಮೊದಲೇ ಹತ್ತಿತ್ತು.

ಅಂಗಡಿಯ ಶಟ್ಟೆವ್ವ ನಿನ್ನನ್ನು ಕೇಳಿದಳು ಅಂತ ಹೇಳು ಅಂದಾಳ. ನಿಮ್ಮಪ್ಪ ಆಶೀರ್ವಾದ ಹೇಳ್ಯಾರ, ಜೋಡಿಗೆ ಇಂಜಿನ್ ಚಲೋ ಐತಿ ಅಂತಾನೂ ಹೇಳ ಅಂದಾರ. ನಿಮ್ಮ ಆಯಿ ನೀನು ಸಂಜಿಗೆ ಬಂದು ಮಾತಾಡಿಸದ ಹೋಗತಿ ಅಂತ ಸಿಟ್ಟಾಗ್ಯಾರ. ಕಾಳಿಕಾದೇವಿ ನಿನ್ನ ಧ್ವನಿ ಕಾಯಲಿ, ಧೈರ್ಯ ಕಾಯಲಿ, ಮಿಕ್ಕಿದ್ದನ್ನು ನೀನು ಕಾಯ್ಕೋತಿ. ಕೊನೆಗೆ ಒಂದು ಮಾತು ನಡೆಸಿಕೊಡು. ಕುಸುರೆಳ್ಳಿನ ಪೊಟ್ಟಣ ಬಿಚ್ಚಿ ಮೊದಲು ಬಾಯಿಗೆ ಹಾಕ್ಕೋ. ಕುಸುರೆಳ್ಳು ತಗೊಂಡು ನಾವು ನೀವು ಎಳ್ಳು ಬೆಲ್ಲದಂಗ ಇರೋಣು. ಸಂಕ್ರಮಣದ ಕುಸುರೆಳ್ಳು ತಿಂದವರು ಕೊಟ್ಟವರ ಮ್ಯಾಲೆ ಸಿಟ್ಟು ಮಾಡಂಗಿಲ್ಲ, ಇದು ನಿಮ್ಮ ಆಯಿ ಕಾಲದಿಂದ ಬಂದ ಕಾಯದೆ. ತಿಂದ ಮೇಲೆ ಹಾಳೆ ತಿರುವು.

ನಿನ್ನ ಅವ್ವ,
ಗಂಗಾ

ತಾ.ಕ. (ಶನಿವಾರ ಮುಂಜಾನೆ, ಬಸ್ಸಿನ ಹಾರ್ನ್ ಕೇಳಸಾಕತ್ತೈತಿ): ತಿಂದಿ? ಹಂಗಾದರೆ ಕೇಳು. ಕ್ಲಾಸಿನೊಳಗಿನ ಲಗಮಪ್ಪ ನಾನು. ಸುಗ್ಗಿ ಶುರುವಾದಾಗ "ವೈನಿ, ಸುಮ್ಮ ಹಚ್ಚಿಡ್ರಿ, ಹಾಜರಿ ಬಿದ್ದರ ಸಾಕು" ಅಂತ ಅವನ ಹಳೆ ಫೋನು ಕೊಟ್ಟ. ಅದು ಅಡುಗೆಮನೆ ಕಿಟಕಿಯಲ್ಲಿ ಉಪ್ಪಿನ ಭರಣಿಗೆ ಆನಿಸಿ ನಿಂತೈತಿ. ಆ ಸಪ್ಪಳ ಇಂಜಿನ್ ಅಲ್ಲ, ರೊಟ್ಟೀನ. ನಿಮ್ಮ ಆಯಿ ಕಿವಿ ನೆಟ್ಟಗ ಅದಾವ. ಡಾಲ್ಬಿ ಹಚ್ಚಿದ ದಿನ ಮಾತ್ರ ಅವ ಖರೆ ಲಗಮಪ್ಪ. ಮುಂಜಾನೆ ಕಟ್ಟಿ ಮ್ಯಾಲೆ ಅವ ನನಗೆ ಒಪ್ಪಸಂಗಿಲ್ಲ, ನೀನು ಸಂಜಿಗೆ ನನಗೆ ಕಲಿಸಿದ್ದನ್ನ ನಾನು ಅವಗ ಕಲಿಸತೇನಿ. ಬೇಡಿಕೆಯ ನಿಯಮದ ತನಕ ಬಂದೇವಿ. ಅಲ್ಲಿತನಕ ಕೇಳು, ತೊದಲತಾನ, ಆದರ ಕಬ್ಬಿನ ಪಾಳಿ ಹಿಡಿದು ಹೇಳತಾನ. ರೊಟ್ಟಿ ಪದ್ಯ ಮಾತ್ರ ಕೇಳಬ್ಯಾಡ. ಸಾವಿತ್ರೆವ್ವ ಖರೆ, ಎಮ್ಮಿನೂ ಖರೆ. ಆಕಿ ಅಣ್ಣಾರ ಅಂದದ್ದು ನನಗ.

ಅವ್ವ ಒಬ್ಬಾಕಿನ ಓ ಅಂದ್ಳು ಅಂತ ಅಳಬ್ಯಾಡ. ಆವತ್ತು ಕೇಳಸಾಕತ್ತೈತ್ರಿ ಅಂತ ಒತ್ತಿದಾಕಿ ನಿಮ್ಮವ್ವ, ಅದು ಸುಳ್ಳಲ್ಲ. ಮರುದಿನ ಏಳಕ್ಕ ರೊಟ್ಟಿ ಬಿಟ್ಟು ಬಂದು ಕುಂತಾಕೀನೂ ನಾನ, ಆದರ ಆಕಿ ಬ್ಯಾರೆ. ಆಕಿಗೆ ಪಾಠ ಬೇಕಾಗಿತ್ತು.

ನಾಳೆ ಲಗಮಪ್ಪನ ಜೋಡಿ ನಾನೂ ಬರತೇನಿ. ಬಾಗಿಲ ಹೊರಗ ನಿಂತಿರತೇನಿ, ದಿನಾ ಕಿಟಕ್ಯಾಗ ಕಾಯೂ ಹಂಗ. ಒಳಗ ತಗೊಳ್ಳೂದು ಬಿಡೂದು ನಿಮ್ಮ ಕೈಯಾಗೈತಿ, ಮಿಸ್.